ಲೇಡಿಬರ್ನ್: ಒಂಬತ್ತು ವರ್ಷ ಬಾಳಿದ ಬಟ್ಟಿ

ಸೋಲಾಪುರದ ಗಿರಣಿಗಳ ಭೋಂಗಾ ಕೇಳಿ ಬೆಳೆದವರಿಗೆ ಮುಚ್ಚಿದ ಕಾರಖಾನೆ ಹೊಸ ನೋಟವಲ್ಲ. ಬಾಲ್ಯದಲ್ಲಿ ಸಲಗರ ಬುದ್ರುಕದಿಂದ ಸೋಲಾಪುರಕ್ಕೆ ಹೋದಾಗಲೆಲ್ಲ ಕಾಕಾನ ಮನೆಯಲ್ಲಿ ನಮ್ಮ ವಸತಿ. ಕಾಕಾ ಒಂದು ಗಿರಣಿಯ ನೇಯ್ಗೆಯ ಖಾತೆಯಲ್ಲಿದ್ದರು. ಆ ಓಣಿಯಲ್ಲಿ ಗಡಿಯಾರವಿದ್ದ ಮನೆಗಳು ಕಡಿಮೆ. ಒಲೆ ಹೊತ್ತಿಸುವುದು, ನೀರು ತುಂಬುವುದು, ಮಕ್ಕಳನ್ನು ಸಾಲೆಗೆ ಕಳಿಸುವುದು, ಎಲ್ಲವೂ ಭೋಂಗಾದ ಮೇಲೆಯೇ ನಡೆಯುತ್ತಿತ್ತು. ಒಂದು ದಿನ ಅದು ಕೂಗಲಿಲ್ಲ. ಆಮೇಲೆಯೂ ಕಾಕಾ ಕೆಲವು ತಿಂಗಳು ಅದೇ ವೇಳೆಗೆ ಎದ್ದು, ಅಂಗಿ ತೊಟ್ಟು, ಓಣಿಯ ಕೊನೆಯವರೆಗೆ ಹೋಗಿ ತಿರುಗಿ ಬರುತ್ತಿದ್ದರು. ಕಾಕೂ ಏನೂ ಕೇಳುತ್ತಿರಲಿಲ್ಲ. ಚಹಾ ಮಾತ್ರ ಮುಂದಿಡುತ್ತಿದ್ದರು.

ಕಳೆದ ಬೇಸಿಗೆಯಲ್ಲಿ ಗ್ಲಾಸ್ಗೋದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಈ ನೆನಪು ಮರುಕಳಿಸುವ ಪ್ರಸಂಗವೊಂದು ಒದಗಿತು. ಅಳಿಯಂದಿರ ಮೇಜಿನ ಮೇಲಿದ್ದ ಪುಸ್ತಕವೊಂದರಲ್ಲಿ ಸ್ಕಾಟ್ಲೆಂಡಿನ ಅಳಿದುಹೋದ ಮದ್ಯದ ಬಟ್ಟಿಗಳ ವೃತ್ತಾಂತವಿತ್ತು. ಅವುಗಳಲ್ಲಿ ಲೇಡಿಬರ್ನ್ ಎಂಬುದೊಂದು. 1966ರಲ್ಲಿ ಆರಂಭ, 1975ರಲ್ಲಿ ಮುಕ್ತಾಯ, 1976ರಲ್ಲಿ ನೆಲಸಮ. ಒಟ್ಟು ಆಯುಷ್ಯ ಒಂಬತ್ತು ವರ್ಷ. ಆದರೆ ಅಲ್ಲಿ ಇಳಿದ ವಿಸ್ಕಿಯ ಒಂದೊಂದು ಸೀಸೆಗೆ ಈಗ ಶ್ರೀಮಂತರು ಹರಾಜಿನಲ್ಲಿ ಪೈಪೋಟಿ ನಡೆಸುತ್ತಾರಂತೆ! ಬದುಕಿದ್ದಾಗ ಯಾರೂ ಹೆಸರು ಹಿಡಿದು ಕೇಳದಿದ್ದ ಕಾರಖಾನೆಗೆ ಸತ್ತ ಮೇಲೆ ಇಷ್ಟು ಬೆಲೆ ಬಂದುದು ಹೇಗೆ? ಆ ಸ್ಥಳವನ್ನೊಮ್ಮೆ ಕಣ್ಣಾರೆ ನೋಡಬೇಕೆನ್ನಿಸಿತು.

ಕುಟುಂಬದ ಮಾಸಪತ್ರಿಕೆಯಲ್ಲಿ ಮದ್ಯದ ಮಾತೇಕೆ ಎಂದು ಹುಬ್ಬೇರಿಸುವ ವಾಚಕರು ಇದ್ದೇ ಇರುತ್ತಾರೆ. ಅವರ ಆಕ್ಷೇಪಣೆಯನ್ನು ನಾನು ಬಲ್ಲೆ. ಶಿಂದಿಯ ಗಿಡ ಕಡಿಯುವುದೇ ದೇಶಸೇವೆಯಾಗಿದ್ದ ಊರು ನಮ್ಮ ಸೋಲಾಪುರ. 1930ರ ಮೇ 8ರಂದು ಹಾಗೆ ಗಿಡ ಕಡಿಯಲು ಹೊರಟ ಜನರಿಗೂ ಪೋಲೀಸರಿಗೂ ಘರ್ಷಣೆಯಾಗಿ ಗೋಲೀಬಾರು ನಡೆಯಿತು. ಊರಿಗೆ ಲಷ್ಕರಿ ಕಾಯದೆ ಬಂತು. 1931ರ ಜನವರಿ 12ರಂದು ಮಲ್ಲಪ್ಪ ಧನಶೆಟ್ಟಿಯವರೂ ಅವರ ಮೂವರು ಸಂಗಾತಿಗಳೂ ಗಲ್ಲಿಗೇರಿದರು. ಮುಂದೆ 1949ರ ಮುಂಬಯಿ ಪಾನನಿಷೇಧ ಕಾಯದೆಯ ನೆರಳಿನಲ್ಲಿ ನಮ್ಮ ಹಿರಿಯರ ಸಂಸಾರಗಳು ನಡೆದವು. ಈ ಲೇಖಕನೂ ಮದ್ಯ ಮುಟ್ಟುವವನಲ್ಲ. ಆದುದರಿಂದ ಲೇಡಿಬರ್ನಿನ ರುಚಿ ಹೇಗಿತ್ತೆಂಬುದನ್ನು ಈ ಬರಹದಲ್ಲಿ ಯಾರೂ ನಿರೀಕ್ಷಿಸಬಾರದು.

ಗ್ಲಾಸ್ಗೋದ ಸೆಂಟ್ರಲ್ ನಿಲ್ದಾಣದಿಂದ ಗಿರ್ವನ್ ಊರಿಗೆ ಸುಮಾರು ಎರಡು ಗಂಟೆಯ ರೈಲು ಪ್ರಯಾಣ. ನೈಋತ್ಯ ದಿಕ್ಕಿಗೆ ಹೋಗುವ ದಾರಿ. ಏರ್ ಪಟ್ಟಣದವರೆಗೆ ಜನಸಂದಣಿ. ಅಲ್ಲಿಂದ ಮುಂದೆ ಡಬ್ಬಿಯಲ್ಲಿ ನಾಲ್ಕೈದು ಜನ. ಏರ್ ಸಮೀಪದ ಆಲೊವೇ ಗ್ರಾಮ ಸ್ಕಾಟ್ಲೆಂಡಿನ ಜನಕವಿ ರಾಬರ್ಟ್ ಬರ್ನ್ಸ್ ಹುಟ್ಟಿದ ಸ್ಥಳ. 1759ರಲ್ಲಿ ರೈತನ ಮನೆಯಲ್ಲಿ ಹುಟ್ಟಿದ ಈ ಕವಿ ವಿಸ್ಕಿಯನ್ನು ಬಾಯಿತುಂಬ ಹಾಡಿ ಹೊಗಳಿದವನು. ಹೊಟ್ಟೆಪಾಡಿಗಾಗಿ ಮಾತ್ರ 1789ರಿಂದ ಅಬಕಾರಿ ಖಾತೆಯ ನೌಕರಿ ಮಾಡಿ ಕಳ್ಳಭಟ್ಟಿಗಳನ್ನು ಹಿಡಿಯುತ್ತಿದ್ದನು. ಕವಿಗಳ ಸಂಕಟ ಎಲ್ಲ ದೇಶಗಳಲ್ಲಿಯೂ ಒಂದೇ!

ಮೇಬೋಲ್ ದಾಟಿದ ಮೇಲೆ ಹಸಿರು ದಿಬ್ಬಗಳು, ಕಲ್ಲಿನ ಒಡ್ಡುಗಳು, ಮೇಯುವ ದನಕುರಿಗಳು. ನಮ್ಮ ಕಡೆಯ ಕರಿನೆಲ ನೋಡಿ ರೂಢಿಯಾದ ಕಣ್ಣಿಗೆ ಆ ಹಸಿರು ಮೊದಲು ತಂಪು. ಆಮೇಲೆ ಸ್ವಲ್ಪ ಬೇಸರ. ಅಷ್ಟರಲ್ಲಿ ಬಲಗಡೆ ಸಮುದ್ರ ಕಾಣಿಸಿತು, ಸಮುದ್ರದ ನಡುವೆ ಐಲ್ಸಾ ಕ್ರೇಗ್. ದಡದಿಂದ ಸುಮಾರು ಹದಿನಾರು ಕಿಲೋಮೀಟರು ದೂರದಲ್ಲಿ ಒಂದೇ ಬಂಡೆ 338 ಮೀಟರು ಎತ್ತರಕ್ಕೆ ಎದ್ದು ನಿಂತಿದೆ. ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸಿ ಆಡುವ ಕರ್ಲಿಂಗ್ ಎಂಬ ಆಟಕ್ಕೆ ಬೇಕಾಗುವ ಕಲ್ಲು ಈ ಬಂಡೆಯದು. ಈಗ ಅಲ್ಲಿ ಕಡಲ ಹಕ್ಕಿಗಳದೇ ರಾಜ್ಯ. ಗಿರ್ವನ್ ಊರಿನಲ್ಲಿ ಎಲ್ಲಿ ನಿಂತು ತಿರುಗಿದರೂ ಆ ಬಂಡೆ ಕಣ್ಣಿಗೆ ಬೀಳುತ್ತದೆ.

ಊರು ಚಿಕ್ಕದು. ಮೀನುದೋಣಿಗಳ ಬಂದರು, ಬೇಸಿಗೆಯ ಪ್ರವಾಸಿಗರಿಗಾಗಿ ಕೆಲವು ಅಂಗಡಿಗಳು, ಸಮುದ್ರಕ್ಕೆ ಮುಖ ಮಾಡಿದ ಬೂದುಬಣ್ಣದ ಮನೆಗಳು. ಬಟ್ಟಿಯ ಕಾರಖಾನೆ ಇರುವುದು ಊರ ಹೊರಗೆ, ಗ್ರೇಂಜ್‌ಸ್ಟೋನ್ ಎಂಬಲ್ಲಿ. ಅದು ಪ್ರವಾಸಿಗರಿಗೆ ಬಾಗಿಲು ತೆರೆದ ಸ್ಥಳವಲ್ಲ. ಬೇಲಿಯ ಹೊರಗಿನ ರಸ್ತೆಯಿಂದ ನೋಡಿ ಬರಬಹುದು, ಅಷ್ಟೆ. ಮಗಳು ಮುಂಚೆಯೇ ಎಚ್ಚರಿಸಿದ್ದಳು. "ಅಪ್ಪಾ, ಅಲ್ಲಿ ನೋಡಲಿಕ್ಕೆ ಏನೂ ಇಲ್ಲ, ನೆಲಸಮ ಆಗೇದ," ಎಂದಿದ್ದಳು. "ಇಲ್ಲದ್ದನ್ನ ನೋಡಲಿಕ್ಕೇ ಹೊಂಟೀನವ್ವಾ," ಎಂದು ನಾನು ನಕ್ಕಿದ್ದೆ.

ಸ್ಥಳದ ಕಥೆ ಹೇಳುವ ಮುಂಚೆ ವಿಸ್ಕಿಯ ವಿಧಾನವನ್ನು ಸ್ವಲ್ಪ ತಿಳಿದಿರಬೇಕು; ಇಲ್ಲವಾದರೆ ಲೇಡಿಬರ್ನ್ ಏಕೆ ಹುಟ್ಟಿತು, ಏಕೆ ಸತ್ತಿತು ಎಂಬುದು ಅರ್ಥವಾಗುವುದಿಲ್ಲ. ನಮ್ಮ ತಾಯಂದಿರು ಮಡಿಕೆ, ಹೆಸರುಕಾಳುಗಳನ್ನು ನೆನೆಹಾಕಿ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸುವುದಿಲ್ಲವೆ? ಅದೇ ರೀತಿ ಅಲ್ಲಿ ಜವೆಗೋಧಿಯನ್ನು ನೆನೆಹಾಕಿ ಮೊಳಕೆ ಬರಿಸುತ್ತಾರೆ. ಮೊಳಕೆಯೊಡೆದ ಕಾಳಿನಲ್ಲಿ ಹಿಟ್ಟಿನಂಶ ಸಕ್ಕರೆಯಾಗಲು ಸಿದ್ಧವಾಗುತ್ತದೆ. ಆ ಹಂತದಲ್ಲಿ ಕಾಳನ್ನು ಬಿಸಿಗಾಳಿಯಿಂದ ಒಣಗಿಸಿ, ಒಡೆದು, ಬಿಸಿನೀರಿನಲ್ಲಿ ಕಲಸಿ ಸಿಹಿನೀರು ಬಸಿಯುತ್ತಾರೆ. ಯೀಸ್ಟ್ ಹಾಕಿ ಅದನ್ನು ಹುಳಿಯಿಸುತ್ತಾರೆ. ಬಳಿಕ ತಾಮ್ರದ ದೊಡ್ಡ ಹಂಡೆಗಳಲ್ಲಿ ಕುದಿಸಿ ಉಗಿಯನ್ನು ತಣಿಸಿ ಇಳಿಸುತ್ತಾರೆ. ಸಾಮಾನ್ಯವಾಗಿ ಎರಡು ಬಾರಿ. ಇದು ಮಾಲ್ಟ್ ವಿಸ್ಕಿ. ಒಂದೊಂದು ಹಂಡೆಯೂ ಒಂದೊಂದು ಅಡುಗೆಯಿದ್ದಂತೆ, ನಿಧಾನದ ಕೆಲಸ.

ಎರಡನೆಯದು ಧಾನ್ಯದ ವಿಸ್ಕಿ. ಗೋಧಿ, ಗೋವಿನಜೋಳ ಮೊದಲಾದವುಗಳನ್ನು ಬೇಯಿಸಿ, ಐನಿಯಸ್ ಕಾಫಿ ಎಂಬವನು 1830ರಲ್ಲಿ ಹಕ್ಕುಪತ್ರ ಪಡೆದ ಎತ್ತರದ ಕಂಬದಂತಹ ಯಂತ್ರದಲ್ಲಿ ಹಗಲಿರುಳು ಎಡೆಬಿಡದೆ ಇಳಿಸಬಹುದು. ಇದು ಅಗ್ಗ, ಹಗುರ, ಹೇರಳ. ಜಗತ್ತಿನ ಅಂಗಡಿಗಳಲ್ಲಿ ಮಾರುವ ಸ್ಕಾಚ್‌ನ ಬಹುಭಾಗ ಈ ಎರಡರ ಮಿಶ್ರಣ. ಎರಡರಲ್ಲಿ ಯಾವುದೇ ಆಗಲಿ, ಓಕ್ ಮರದ ಪೀಪಾಯಿಯಲ್ಲಿ ಸ್ಕಾಟ್ಲೆಂಡಿನ ನೆಲದ ಮೇಲೆ ಕನಿಷ್ಠ ಮೂರು ವರ್ಷ ಕೂತಲ್ಲದೆ ಅದನ್ನು ಸ್ಕಾಚ್ ವಿಸ್ಕಿ ಎಂದು ಕರೆಯಲು ಅಲ್ಲಿನ ಕಾನೂನು ಒಪ್ಪುವುದಿಲ್ಲ. ಈ ಮೂರು ವರ್ಷದ ಮಾತು ಮುಂದೆ ಬರುತ್ತದೆ.

(ಕಾಳಿನಿಂದ ಮದ್ಯ ತೆಗೆಯುವ ಮಾತು ಬಂದಾಗ ನಮ್ಮ ಸೀಮೆಯವನಿಗೆ ಜೋಳ ನೆನಪಾಗದಿರುವುದು ಹೇಗೆ? ಮಹಾರಾಷ್ಟ್ರ ಸರಕಾರವು 2007ರಲ್ಲಿ ಜೋಳ, ಸಜ್ಜೆ ಮೊದಲಾದ ಧಾನ್ಯಗಳಿಂದ ಮದ್ಯಸಾರ ತಯಾರಿಸುವವರಿಗೆ ಸಹಾಯಧನ ಕೊಡುವ ಧೋರಣೆ ಪ್ರಕಟಿಸಿತ್ತು. ಬರದ ಜಿಲ್ಲೆಗಳ ರೊಟ್ಟಿಯ ಕಾಳು ಬಟ್ಟಿಗೆ ಹೋಗುವುದೆಂದು ಸಮಾಜಸೇವಕರು ದೊಡ್ಡ ವಿರೋಧ ಮಾಡಿದರು. ನನ್ನ ಮತವೂ ಅವರ ಕಡೆಗೇ.)

ಇನ್ನು ಲೇಡಿಬರ್ನಿನ ವಂಶದ ಕಥೆ. ವಿಲಿಯಂ ಗ್ರಾಂಟ್ ಎಂಬವನು ಸ್ಕಾಟ್ಲೆಂಡಿನ ಉತ್ತರ ಭಾಗದ ಡಫ್‌ಟೌನ್ ಊರಿನ ಮಾರ್ಟ್‌ಲಕ್ ಬಟ್ಟಿಯಲ್ಲಿ ಇಪ್ಪತ್ತು ವರ್ಷ ಲೆಕ್ಕ ಬರೆದು ದುಡಿದವನು. ಸಂಬಳದಲ್ಲಿ ಉಳಿಸಿದ ಹಣದಿಂದ, ಇನ್ನೊಂದು ಬಟ್ಟಿಯವರು ಮಾರಿದ ಹಳೆಯ ಹಂಡೆಗಳನ್ನು ಕೊಂಡು, ಏಳು ಗಂಡು ಎರಡು ಹೆಣ್ಣು ಮಕ್ಕಳ ಕೈಗೆಲಸದಿಂದ ಕಲ್ಲಿನ ಮೇಲೆ ಕಲ್ಲಿಟ್ಟು ಗ್ಲೆನ್‌ಫಿಡಿಕ್ ಎಂಬ ಬಟ್ಟಿಯನ್ನು ಕಟ್ಟಿದನು. 1887ರ ಕ್ರಿಸ್ಮಸ್ ದಿನ ಅಲ್ಲಿ ಮೊದಲ ಧಾರೆ ಇಳಿಯಿತು. ಮನೆತನ ಬೆಳೆಯಿತು, ಮಿಶ್ರಣದ ವಿಸ್ಕಿಯ ವ್ಯಾಪಾರ ಸಮುದ್ರ ದಾಟಿತು. ಆದರೆ ಮಿಶ್ರಣಕ್ಕೆ ಬೇಕಾದ ಧಾನ್ಯದ ವಿಸ್ಕಿಗಾಗಿ ಡಿಸ್ಟಿಲರ್ಸ್ ಕಂಪನಿ ಎಂಬ ದೈತ್ಯ ಸಂಸ್ಥೆಯ ಮುಂದೆ ಕೈಯೊಡ್ಡಬೇಕಾಗಿತ್ತು. 1960ರ ದಶಕದ ಆರಂಭದಲ್ಲಿ ಗ್ರಾಂಟ್ ಮನೆತನದವರು ದೂರದರ್ಶನದಲ್ಲಿ ಜಾಹೀರಾತು ಕೊಟ್ಟರೆಂದು ಆ ದೈತ್ಯನಿಗೆ ಕೋಪ ಬಂದು, ಸರಬರಾಜು ನಿಲ್ಲಿಸುವ ಬೆದರಿಕೆ ಬಂತೆಂದು ಹೇಳುತ್ತಾರೆ.

ಬೇರೆಯವರ ಬಾವಿಯ ನೀರು ಎಷ್ಟು ದಿನ? ವಿಲಿಯಂ ಗ್ರಾಂಟನ ಮರಿಮಗ ಚಾರ್ಲ್ಸ್ ಗಾರ್ಡನ್ ಪಟ್ಟು ಹಿಡಿದು ಮುಂದೆ ನಿಂತು, ಗಿರ್ವನ್‌ನಲ್ಲಿ ಸ್ವಂತ ಧಾನ್ಯದ ಬಟ್ಟಿಯನ್ನು ಒಂಬತ್ತೇ ತಿಂಗಳಲ್ಲಿ ಕಟ್ಟಿಸಿದನು. ಮುತ್ತಜ್ಜನ ಪದ್ಧತಿಯಂತೆ ಇಲ್ಲಿಯೂ 1963ರ ಕ್ರಿಸ್ಮಸ್ ದಿನವೇ ಮೊದಲ ಧಾರೆ. ನೀರು ಪೆನ್‌ವ್ಯಾಪಲ್ ಎಂಬ ಕೆರೆಯದು. ಧಾನ್ಯ ತರಲು ಬಂದರುಗಳು ಹತ್ತಿರ, ಗ್ಲಾಸ್ಗೋ ಹತ್ತಿರ, ನೆಲ ವಿಶಾಲ. ಹಟದಿಂದ ಕಟ್ಟಿದ ಕಾರಖಾನೆಯಾದರೂ ಲೆಕ್ಕ ತಪ್ಪಿರಲಿಲ್ಲ.

ಈ ದೊಡ್ಡ ಆವರಣದೊಳಗೆ 1966ರಲ್ಲಿ ಒಂದು ಚಿಕ್ಕ ಮಾಲ್ಟ್ ಬಟ್ಟಿಯನ್ನೂ ಸೇರಿಸಿದರು. ಎರಡು ಜೋಡಿ, ಅಂದರೆ ನಾಲ್ಕು ತಾಮ್ರದ ಹಂಡೆಗಳು. ಅದೇ ಲೇಡಿಬರ್ನ್. ಸ್ಕಾಟರ ನುಡಿಯಲ್ಲಿ ಬರ್ನ್ ಎಂದರೆ ಹಳ್ಳ; ನಮ್ಮಲ್ಲಿ ಒಡತಿಯ ಹಳ್ಳ ಎಂದೇನಾದರೂ ಕರೆಯುತ್ತಿದ್ದೆವೇನೋ. ಹೆಸರು ಇಂಪಾಗಿದೆ, ಆದರೆ ಆ ಬಟ್ಟಿಗೆ ಸ್ವತಂತ್ರ ಬಾಳು ಎಂಬುದಿರಲಿಲ್ಲ. ಅಲ್ಲಿ ಇಳಿದುದು ಬಹುಪಾಲು ಮನೆತನದ ಮಿಶ್ರಣಕ್ಕೇ ಸಲ್ಲುತ್ತಿತ್ತು. ದೊಡ್ಡ ಸಂಸಾರದಲ್ಲಿ ಹಿಂದಿನ ಕೋಣೆಯಲ್ಲಿ ಕುಳಿತು ಕಾಳು ಹಸನು ಮಾಡುವ ಸೊಸೆಯಂತೆ ಅದರ ಸ್ಥಿತಿ: ಊಟದಲ್ಲಿ ಅವಳ ಕೈ ಇದೆ, ಹೆಸರಿಲ್ಲ.

ಇದು ಒಂದರ ಕಥೆ ಮಾತ್ರವಲ್ಲ. ಆ ಕಾಲದಲ್ಲಿ ಸ್ಕಾಚ್‌ಗೆ ಜಗತ್ತಿನಲ್ಲೆಲ್ಲ ಬೇಡಿಕೆ ಏರುತ್ತಿತ್ತು. ಧಾನ್ಯದ ದೊಡ್ಡ ಬಟ್ಟಿಗಳ ಮಡಿಲಲ್ಲಿ ಇಂತಹ ಚಿಕ್ಕ ಮಾಲ್ಟ್ ಬಟ್ಟಿಗಳನ್ನು ಕೂರಿಸುವುದು ಒಂದು ರೂಢಿಯೇ ಆಗಿತ್ತು. ಗ್ಲಾಸ್ಗೋದ ಸ್ಟ್ರಾತ್‌ಕ್ಲೈಡ್ ಕಾರಖಾನೆಯೊಳಗೆ ಕಿಂಕ್ಲೇತ್. ಏರ್‌ಡ್ರಿಯ ಮಾಫಟ್ ಕಾರಖಾನೆಯೊಳಗೆ ಗ್ಲೆನ್ ಫ್ಲಾಗ್ಲರ್ ಮತ್ತು ಕಿಲಿಲಾಕ್. ಉತ್ತರದ ಇನ್ವರ್‌ಗಾರ್ಡನ್‌ನಲ್ಲಿ ಬೆನ್ ವಿವಿಸ್. ಬೇಡಿಕೆ ತಗ್ಗಿದಾಗ ಇವೆಲ್ಲವೂ ಒಂದೊಂದಾಗಿ ಕಣ್ಮರೆಯಾದವು. ಕಿಂಕ್ಲೇತ್ ಮುಚ್ಚಿದ್ದು ಲೇಡಿಬರ್ನ್ ಮುಚ್ಚಿದ 1975ರಲ್ಲಿಯೇ. ಬೆನ್ ವಿವಿಸ್ 1977ರಲ್ಲಿ. 1973ರ ಎಣ್ಣೆಯ ಬೆಲೆಯೇರಿಕೆಯಿಂದ ಪಶ್ಚಿಮದ ದೇಶಗಳ ವ್ಯಾಪಾರವೇ ನಡುಗಿದ್ದ ಕಾಲ ಅದು. ಮಂದಿಯ ವರ್ಷಗಳಲ್ಲಿ ದೊಡ್ಡ ಯಂತ್ರದ ಪಕ್ಕದ ಚಿಕ್ಕ ಹಂಡೆಗಳನ್ನು ಯಾರು ಉಳಿಸಿಕೊಳ್ಳುತ್ತಾರೆ? ಆ ಜಾಗ ದೊಡ್ಡ ಯಂತ್ರಕ್ಕೇ ಹೆಚ್ಚು ಉಪಯುಕ್ತ. ಲೇಡಿಬರ್ನ್ ಮುಚ್ಚಿದ ಮರುವರ್ಷವೇ ಅದನ್ನು ಕೆಡವಿದರು.

ಇಲ್ಲಿ ಮೂರು ವರ್ಷದ ಕಾನೂನನ್ನು ನೆನೆಯಬೇಕು. 1975ರಲ್ಲಿ ಲೇಡಿಬರ್ನಿನ ಹಂಡೆಯಿಂದ ಕೊನೆಯದಾಗಿ ಪೀಪಾಯಿ ಸೇರಿದ್ದು 1978ರವರೆಗೆ ಕಾನೂನಿನ ದೃಷ್ಟಿಯಲ್ಲಿ ವಿಸ್ಕಿಯೇ ಆಗಿರಲಿಲ್ಲ. ಅದು ವಿಸ್ಕಿಯಾಗುವ ಹೊತ್ತಿಗೆ ಅದನ್ನು ಹೆತ್ತ ಹಂಡೆಯಿಲ್ಲ, ಹಂಡೆಯಿದ್ದ ಮನೆಯೂ ಇಲ್ಲ. ಹನ್ನೆರಡು ವರ್ಷ ಮಾಗಿದ ಲೇಡಿಬರ್ನ್ ಎಂಬುದು ಲೇಡಿಬರ್ನ್ ಜೀವಂತವಿದ್ದಾಗ ಇರಲು ಸಾಧ್ಯವೇ ಇರಲಿಲ್ಲ. ಏಕೆಂದರೆ ಮೊದಲ ದಿನದ ಪೀಪಾಯಿಗೇ ಹನ್ನೆರಡು ತುಂಬುವುದು 1978ರಲ್ಲಿ. ಅಲ್ಲಿ ದುಡಿದವರು ತಮ್ಮ ಕೈಗೆಲಸ ಚೆನ್ನಾಗಿ ಮಾಗಿತೋ ಇಲ್ಲವೋ ಎಂದು ತಿಳಿಯುವ ಮುಂಚೆಯೇ ಮನೆಗೆ ಹೋದರು. ನೇಕಾರನಿಗೆ ಸಂಜೆಯಷ್ಟರಲ್ಲಿ ತನ್ನ ಬಟ್ಟೆ ಕಾಣುತ್ತದೆ. ಕಾಕಾ ಮಾರುಕಟ್ಟೆಯಲ್ಲಿ ಚಾದರವೊಂದನ್ನು ಬೆರಳಿನಿಂದ ಮುಟ್ಟಿದೊಡನೆ ಅದು ತಮ್ಮ ಗಿರಣಿಯದು ಹೌದೋ ಅಲ್ಲವೋ ಹೇಳುತ್ತಿದ್ದರು. ಬಟ್ಟಿಯವನಿಗೆ ಆ ಸುಖವೂ ಇಲ್ಲ.

ಗ್ರೇಂಜ್‌ಸ್ಟೋನಿನ ರಸ್ತೆಯ ಬದಿಗೆ ನಿಂತು ನೋಡಿದೆ. ಬೇಲಿಯಾಚೆ ಎತ್ತರದ ಯಂತ್ರಗೃಹ, ಬಿಳಿಯ ಉಗಿ, ಉದ್ದಕ್ಕೂ ಸಾಲುಗಟ್ಟಿದ ಗೋದಾಮುಗಳು. ಗೋದಾಮುಗಳ ಗೋಡೆ ಮಸಿ ಬಳಿದಂತೆ ಕಪ್ಪು. ಹೊಗೆಯಿರಬಹುದೆಂದುಕೊಂಡೆ, ಅಲ್ಲವಂತೆ. ಪೀಪಾಯಿಯ ಮರದ ಮೂಲಕ ಮದ್ಯದ ಆವಿ ನಿತ್ಯವೂ ಅಷ್ಟಷ್ಟು ಹೊರಗೆ ಸೋರುತ್ತದೆ. ಆ ಆವಿಯನ್ನೇ ಉಂಡು ಬೆಳೆಯುವ ಒಂದು ಬೂಷ್ಟು ಗೋಡೆ, ಮರ, ಬೇಲಿ ಎಲ್ಲವನ್ನೂ ಕಪ್ಪಾಗಿಸುತ್ತದೆ. ಹೀಗೆ ಆರಿಹೋಗುವ ಭಾಗವನ್ನು ಅಲ್ಲಿಯವರು ದೇವದೂತರ ಪಾಲು ಎಂದು ಕರೆಯುತ್ತಾರೆ. ಸ್ಕಾಟ್ಲೆಂಡಿನ ಚಳಿಯಲ್ಲಿ ವರ್ಷಕ್ಕೆ ನೂರಕ್ಕೆ ಎರಡರಷ್ಟು.

ನಮ್ಮ ಬೆಂಗಳೂರಿನ ಹವೆಯಲ್ಲಿ ಈ ಪಾಲು ನೂರಕ್ಕೆ ಹತ್ತು ಹನ್ನೆರಡರವರೆಗೆ ಹೋಗುತ್ತದೆಂದು ಅಳಿಯಂದಿರು ಹೇಳಿದರು. ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್‌ನವರು ತಮ್ಮ ಮಾಲ್ಟ್ ವಿಸ್ಕಿಯನ್ನು 2004ರ ಆಗಸ್ಟ್‌ನಲ್ಲಿ ಮೊದಲು ಬಿಡುಗಡೆ ಮಾಡಿದ್ದು ಬೆಂಗಳೂರಿನಲ್ಲಲ್ಲ, ಇದೇ ಗ್ಲಾಸ್ಗೋದಲ್ಲಿ. ಸ್ಕಾಟರ ಮನೆಯಂಗಳದಲ್ಲಿ ಸ್ಕಾಟರ ಕಸುಬನ್ನು ತೋರಿಸುವ ಧೈರ್ಯ! ನಮ್ಮ ಬಿಸಿಲಿನಲ್ಲಿ ಬೇಗ ಮಾಗುತ್ತದೆ, ಬೇಗ ಆರಿಯೂ ಹೋಗುತ್ತದೆ. ಲೆಕ್ಕ ಹಾಕಿ ನೋಡಿದೆ: ವರ್ಷಕ್ಕೆ ನೂರಕ್ಕೆ ಎರಡರಂತೆ ಆರಿದರೆ ಐವತ್ತೈದು ವರ್ಷದ ಬಳಿಕವೂ ಪೀಪಾಯಿಯಲ್ಲಿ ಮೂರನೆಯ ಒಂದು ಪಾಲು ಉಳಿದಿರುತ್ತದೆ, ಬೆಂಗಳೂರಿನಲ್ಲಿ ಅಷ್ಟು ಆರಿಹೋಗಲು ಹತ್ತೇ ವರ್ಷ ಸಾಕು. ಲೇಡಿಬರ್ನ್ ನಮ್ಮ ದೇಶದಲ್ಲಿ ಹುಟ್ಟಿದ್ದರೆ ಅದರ ಕಥೆ ಹೇಳಲು ಒಂದು ತೊಟ್ಟೂ ಉಳಿಯುತ್ತಿರಲಿಲ್ಲ.

ಐವತ್ತೈದು ಎಂದು ಸುಮ್ಮನೆ ಹೇಳಲಿಲ್ಲ. ಲೇಡಿಬರ್ನ್ ಕೆಡವಿದ ಮೇಲೂ ಅದರ ಕೆಲವು ಪೀಪಾಯಿಗಳು ಗೋದಾಮಿನಲ್ಲಿ ಉಳಿದುಕೊಂಡವು. ಕೆಲವು ಹೊರಗಿನ ವ್ಯಾಪಾರಿಗಳ ಕೈ ಸೇರಿದವು. ಆ ವ್ಯಾಪಾರಿಗಳು ಸೀಸೆಗಳ ಮೇಲೆ ಲೇಡಿಬರ್ನ್ ಎಂದು ಮುದ್ರಿಸದೆ ಪ್ರಾಂತದ ಹೆಸರಾದ ಏರ್‌ಶೈರ್ ಎಂದಷ್ಟೇ ಹಾಕಿ ಮಾರಿದ್ದುಂಟು. ಬಲ್ಲವರು ಗುರುತಿಸಿ ಕೊಳ್ಳುತ್ತಿದ್ದರು. ಬದುಕಿದ್ದಾಗ ಮಿಶ್ರಣದಲ್ಲಿ ಹೆಸರು ಕಳೆದುಕೊಂಡದ್ದು ಸತ್ತ ಮೇಲೂ ಕೆಲವು ಕಾಲ ಬೇರೆ ಹೆಸರಿನಲ್ಲಿಯೇ ತಿರುಗಿತು. ಅನಂತರ 1973ರ ಪೀಪಾಯಿಗಳನ್ನು ಮಾಲಿಕರು ಸ್ವಂತ ಹೆಸರಿನಲ್ಲಿಯೇ ಸೀಸೆಗೆ ತುಂಬಿಸಿದರು. ಕೊನೆಗೆ, ಮೊದಲ ವರ್ಷವಾದ 1966ರಲ್ಲಿ ಇಳಿದು ಐವತ್ತೈದು ವರ್ಷ ಮಾಗಿದ್ದನ್ನು, ಡೇವಿಡ್ ಬೇಯ್ಲಿ ಎಂಬ ಪ್ರಖ್ಯಾತ ಛಾಯಾಗ್ರಾಹಕನು ಆ ದಶಕದಲ್ಲಿ ತೆಗೆದ ಚಿತ್ರಗಳನ್ನು ಸೀಸೆಯ ಮೇಲೆ ಅಂಟಿಸಿ, ಸಂಗ್ರಾಹಕರಿಗೆಂದೇ ಹೊರತಂದರು.

ರಸಿಕರ ಬರಹಗಳಲ್ಲಿ ಈ ವಿಸ್ಕಿಯ ಬಗ್ಗೆ ಒಮ್ಮತವಿಲ್ಲ. ಹಗುರವಾದದ್ದು, ಸಾಧಾರಣವಾದದ್ದು ಎಂದವರೂ ಇದ್ದಾರೆ. ಹಾಗಾದರೆ ಬೆಲೆ ಯಾವುದಕ್ಕೆ? ಇನ್ನು ಮುಂದೆ ಆಗುವುದಿಲ್ಲ ಎಂಬುದಕ್ಕೆ. ವಿರಳವಾದುದೆಲ್ಲ ಶ್ರೇಷ್ಠವೆಂದು ತಿಳಿಯುವುದು ಹಣವಂತರ ಭ್ರಮೆ ಎಂದು ನನಗೆ ತೋರುತ್ತದೆ. ನಾನು ಓದಿದ ಪುಸ್ತಕದಲ್ಲಿ ಹಂಡೆಗಳ ಸಂಖ್ಯೆ ಇದೆ, ಮುಚ್ಚಿದ ವರ್ಷ ಇದೆ, ಯಾವ ಪೀಪಾಯಿ ಎಷ್ಟು ವರ್ಷ ಮಾಗಿತೆಂಬ ಲೆಕ್ಕ ಇದೆ. ಆ ನಾಲ್ಕು ಹಂಡೆಗಳ ಮುಂದೆ ಒಂಬತ್ತು ವರ್ಷ ಬೆಂಕಿ, ಉಗಿ, ಧಾರೆ ಕಾಯ್ದವರಲ್ಲಿ ಒಬ್ಬನ ಹೆಸರೂ ಅದರಲ್ಲಿ ಇಲ್ಲ.

ಒಂದು ಮಾತನ್ನು ಮಾತ್ರ ನ್ಯಾಯವಾಗಿ ಹೇಳಬೇಕು. ಗಿರ್ವನ್ ಸೋಲಾಪುರದಂತಾಗಲಿಲ್ಲ. ಲೇಡಿಬರ್ನ್ ಹೋದರೂ ಅದರ ಸುತ್ತಲಿನ ದೊಡ್ಡ ಕಾರಖಾನೆ ನಿಲ್ಲಲಿಲ್ಲ. 1999ರಲ್ಲಿ ಪೇಟೆಗೆ ಬಂದ ಹೆಂಡ್ರಿಕ್ಸ್ ಎಂಬ ಜಿನ್ ಅಲ್ಲಿಯೇ ತಯಾರಾಗುತ್ತದೆ. 2007ರಲ್ಲಿ ಅದೇ ಆವರಣದಲ್ಲಿ ಐಲ್ಸಾ ಬೇ ಎಂಬ ಹೊಸ ಮಾಲ್ಟ್ ಬಟ್ಟಿಯನ್ನು ಕಟ್ಟಿದರು. ಲೇಡಿಬರ್ನ್ ಕೆಡವಿದ ಮೂವತ್ತೊಂದು ವರ್ಷಕ್ಕೆ ಮತ್ತೆ ಮಾಲ್ಟ್ ಬೇಕಾಯಿತು! ನಮ್ಮಲ್ಲಿ 1949ರಲ್ಲಿ ಜುನಿ ಗಿರಣಿಯ ಬಾಗಿಲು ಮುಚ್ಚಿದಾಗ ಕೇಂದ್ರ ಸರಕಾರವು 1950ರಲ್ಲಿ ವಿಶೇಷ ಕಾಯದೆಯನ್ನೇ ಮಾಡಿ ಆಡಳಿತವನ್ನು ಕೈಗೆತ್ತಿಕೊಂಡಿತ್ತು. ಸುಪ್ರೀಮ್ ಕೋರ್ಟಿನವರೆಗೆ ವ್ಯಾಜ್ಯ ನಡೆದು ಸೋಲಾಪುರದ ಹೆಸರು ಕಾನೂನಿನ ಪುಸ್ತಕಗಳಲ್ಲಿ ಶಾಶ್ವತವಾಯಿತು. ಹೆಸರು ಉಳಿಯಿತು, ಗಿರಣಿ ಉಳಿಯಲಿಲ್ಲ. 1990ರ ದಶಕದ ಹೊತ್ತಿಗೆ ಉಳಿದ ದೊಡ್ಡ ಗಿರಣಿಗಳ ಸರದಿಯೂ ಬಂತು. ಅವುಗಳ ಗೋದಾಮಿನಲ್ಲಿ ಮಾಗುವಂಥದ್ದು ಏನೂ ಇರಲಿಲ್ಲ.

ಸ್ಕಾಟ್ಲೆಂಡಿನಲ್ಲಿಯೂ ಮುಚ್ಚಿದ ಬಟ್ಟಿಗಳಿಗೆ ಮತ್ತೆ ಜೀವ ಬಂದ ಉದಾಹರಣೆಗಳುಂಟು. 1983ರಲ್ಲಿ ಮುಚ್ಚಿದ ಬ್ರೋರಾ 2021ರಲ್ಲಿ ತೆರೆಯಿತು. ಅದೇ ವರ್ಷ ಮುಚ್ಚಿದ ಪೋರ್ಟ್ ಎಲೆನ್ 2024ರಲ್ಲಿ ತೆರೆಯಿತು. ಅವುಗಳ ಕಟ್ಟಡಗಳು ಅಲ್ಪಸ್ವಲ್ಪವಾದರೂ ಉಳಿದಿದ್ದವು. ಲೇಡಿಬರ್ನಿಗೆ ಆ ಯೋಗವಿಲ್ಲ. ಅದು ಎಲ್ಲಿ ನಿಂತಿತ್ತೆಂದು ಬೇಲಿಯ ಹೊರಗಿನಿಂದ ಬೆರಳು ಮಾಡಿ ತೋರಿಸುವುದಕ್ಕೂ ಆಗುವುದಿಲ್ಲ.

ಅರ್ಧ ಗಂಟೆ ನಿಂತಿದ್ದೆ. ಸಣ್ಣಗೆ ಮಳೆ ಹಿಡಿಯಿತು. ಗಾಳಿಯಲ್ಲಿ ಬೇಯಿಸಿದ ಕಾಳಿನ ವಾಸನೆ. ಕಣ್ಣು ಮುಚ್ಚಿದರೆ ಸುಗ್ಗಿಯ ಕಾಲದಲ್ಲಿ ನಮ್ಮ ಹಿತ್ತಲಿನ ನುಚ್ಚಿನ ಗಡಿಗೆಯ ಮುಂದೆ ಕುಳಿತಂತೆ. ಕೆಲಸ ಬಿಡುವ ಹೊತ್ತಾಯಿತೆಂದು ಕಾಣುತ್ತದೆ, ಬಾಗಿಲಿನಿಂದ ನಾಲ್ಕೈದು ಮೋಟಾರುಗಳು ಒಂದರ ಹಿಂದೊಂದು ಹೊರಟವು. ಭೋಂಗಾ ಏನೂ ಕೂಗಲಿಲ್ಲ. ಈಗ ಎಲ್ಲಿಯೂ ಕೂಗುವುದಿಲ್ಲವಷ್ಟೆ. ಕೊನೆಯ ಮೋಟಾರಿನ ಹಿರಿಯನೊಬ್ಬ ಕೊಡೆ ಹಿಡಿದು ನಿಂತ ನನ್ನನ್ನು ಕಂಡು ಗಾಜು ಇಳಿಸಿ, ದಾರಿ ತಪ್ಪಿತೇ ಎಂದು ವಿಚಾರಿಸಿದನು. ಲೇಡಿಬರ್ನ್ ನೋಡಲು ಬಂದೆನೆಂದೆ. ಆತನು ಕ್ಷಣಕಾಲ ನನ್ನ ಮುಖ ನೋಡಿ, ತಾನು ಇಲ್ಲಿ ಕೆಲಸಕ್ಕೆ ಸೇರುವ ಮುಂಚೆಯೇ ಅದು ಹೋಗಿತ್ತೆಂದು ಹೇಳಿ, ನಿಲ್ದಾಣದವರೆಗೆ ಕರೆದೊಯ್ದು ಬಿಟ್ಟನು.